ಓದಲು ಕಲಿತವಳ ಬಂಡಾಯ

ಮಾರ್ಗರೆಟ್ ಅಟ್‌ವುಡ್ ಅವರ ‘ದಿ ಟೆಸ್ಟಮೆಂಟ್ಸ್’ (2019) ಕಾದಂಬರಿಯ ಗಿಲಿಯಡ್, ದೇವರ ಹೆಸರಿನಲ್ಲಿ ಆಳುವ ಭವಿಷ್ಯದ ಸರ್ವಾಧಿಕಾರಿ ರಾಷ್ಟ್ರ. ಅಲ್ಲಿ ಬಹುಪಾಲು ಸ್ತ್ರೀಯರಿಗೆ ಓದು ನಿಷಿದ್ಧ. ನ್ಯಾಯಸ್ಥಾಪಕರ ಗ್ರಂಥದ 19ನೆಯ ಅಧ್ಯಾಯದ ಉಪಪತ್ನಿಯು ಯಜಮಾನನನ್ನು ಉಳಿಸಲು ತಾನಾಗಿಯೇ ಪ್ರಾಣವಿತ್ತಳೆಂದು ಬಾಲೆ ಆಗ್ನೆಸ್‌ಗೆ ಕಲಿಸಲಾಗುತ್ತದೆ. ಮುಂದೆ ಅಕ್ಷರ ಕಲಿತು ಶ್ರೀಗ್ರಂಥವನ್ನು ತೆರೆದಾಗ ಅವಳಿಗೆ ಕಾಣುವುದೇ ಬೇರೆ: ಆ ಸ್ತ್ರೀಯನ್ನು ದುರುಳರ ಗುಂಪಿನತ್ತ ಹೊರದಬ್ಬಲಾಗಿತ್ತು. ಆಗ್ನೆಸ್‌ಳ ಬಂಡಾಯದ ಬೀಜ ಇಲ್ಲಿದೆ. ಅವಳ ಕಣ್ಣು ತೆರೆಸಿದ್ದು ದೇವರ ವಾಕ್ಯವೇ. ಬೇಹುಗಾರಿಕೆಯ ಕಥೆಯ ವೇಗಕ್ಕೆ ಸಿಲುಕಿದ ಕೃತಿಯು ಈ ವಿಶ್ವಾಸದ ಬಿಕ್ಕಟ್ಟಿನ ಬಳಿ ಸಾಕಷ್ಟು ಹೊತ್ತು ನಿಲ್ಲದಿರುವುದು ಅದರ ಕೊರತೆಯೆಂದು ನಾವು ಭಾವಿಸುತ್ತೇವೆ. ಆದರೂ ಬೋಧಿಸುವ ಹೊಣೆ ಹೊತ್ತ ನಮ್ಮನ್ನು ಅದು ಪ್ರಶ್ನಿಸದೆ ಬಿಡದು. ನಮ್ಮ ಭಾನುವಾರದ ಬಲಿಪೂಜೆಯ ವಾಚನಗಳಲ್ಲಿ ಆ ಅಧ್ಯಾಯ ಬರುವುದೇ ಇಲ್ಲ. ಗಿಲಿಯಡ್ ಅದನ್ನು ತಿರುಚಿತು. ನಾವು ಅದರ ಬಗ್ಗೆ ಮೌನವಾಗಿದ್ದೇವೆ.