ಗುಲ್ ಮಕೈ ದಿನಚರಿ: ಮಗುವಿನ ಮಾತು, ದೊಡ್ಡವರ ಕಿವಿ

ಸಂಘರ್ಷದ ಬಗ್ಗೆ ಬರೆಯುವ ದೊಡ್ಡವರಿಗೆ ಯಾರನ್ನು ಸಮರ್ಥಿಸಬೇಕು, ಯಾರನ್ನು ಖಂಡಿಸಬೇಕು ಎಂಬುದು ಲೇಖನಿ ಹಿಡಿಯುವ ಮೊದಲೇ ಗೊತ್ತಿರುತ್ತದೆ. ಎಳೆಯರ ಬರಹ ಹಾಗಲ್ಲ. ಅಲ್ಲಿ ಮೊದಲು ಬರುವುದು ಶಾಲೆ, ಬಟ್ಟೆ, ಗೆಳತಿ, ನಿದ್ದೆ. ಸಂಘರ್ಷವು ಇವುಗಳ ನಡುವೆ ನುಸುಳಿಕೊಂಡು ಬರುತ್ತದೆ. 2009ರ ಜನವರಿಯಿಂದ ಮಾರ್ಚ್‌ವರೆಗೆ ಬಿಬಿಸಿ ಉರ್ದು ಸೇವೆಯಲ್ಲಿ ‘ಗುಲ್ ಮಕೈ’ ಎಂಬ ಹೆಸರಿನಲ್ಲಿ ಪ್ರಕಟವಾದ ದಿನಚರಿ ಇದಕ್ಕೆ ಉತ್ತಮ ಉದಾಹರಣೆ.

ಬರೆದವಳು ಪಾಕಿಸ್ತಾನದ ಸ್ವಾತ್ ಕಣಿವೆಯ ಮಿಂಗೋರಾ ಪಟ್ಟಣದ ಹನ್ನೊಂದರ ಬಾಲಕಿ ಮಲಾಲಾ ಯೂಸುಫ್‌ಝೈ. ಜನವರಿ 15ರಿಂದ ಹೆಣ್ಣುಮಕ್ಕಳ ಶಾಲೆಗಳೆಲ್ಲ ಮುಚ್ಚಬೇಕೆಂದು ಅಲ್ಲಿನ ತಾಲಿಬಾನ್ ಫರ್ಮಾನು ಹೊರಡಿಸಿತ್ತು. ಈ ಫರ್ಮಾನಿನ ಬಗ್ಗೆ ದಿನಚರಿಯಲ್ಲಿ ಭಾಷಣವಿಲ್ಲ. 27 ಮಂದಿಯ ತರಗತಿಗೆ 11 ಮಂದಿ ಬಂದಿದ್ದರು ಎಂಬ ಲೆಕ್ಕವಿದೆ. ಸಮವಸ್ತ್ರ ಬೇಡವೆಂದಾಗ ತನಗಿಷ್ಟವಾದ ಗುಲಾಬಿ ಬಟ್ಟೆ ತೊಟ್ಟು ಹೋದರೆ, ಬಣ್ಣದ ಬಟ್ಟೆಯೂ ಬೇಡ ಎಂಬ ಸೂಚನೆ ಬರುತ್ತದೆ. ಶಾಲೆಯ ಕೊನೆಯ ದಿನ ಹುಡುಗಿಯರು ಅಂಗಳದಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಆಡುತ್ತಾರೆ. ರಜೆ ಘೋಷಿಸಿದ ಮುಖ್ಯೋಪಾಧ್ಯಾಯಿನಿ ಶಾಲೆ ಮತ್ತೆ ತೆರೆಯುವ ದಿನಾಂಕವನ್ನು ಹೇಳುವುದಿಲ್ಲ. ಹೇಳದೇ ಉಳಿದ ಆ ದಿನಾಂಕವನ್ನು ಬಾಲಕಿ ಗಮನಿಸಿದ್ದಾಳೆ. ಒಬ್ಬ ಒಳ್ಳೆಯ ಕಥೆಗಾರ ಗಮನಿಸಬೇಕಾದದ್ದೂ ಅದನ್ನೇ.

ಇನ್ನೊಂದು ಪ್ರಸಂಗ ನಮ್ಮನ್ನು ಹೆಚ್ಚು ಕಾಡಿದೆ. ಯಾರೋ ಒಬ್ಬರು ಈ ದಿನಚರಿಯ ಮುದ್ರಿತ ಪ್ರತಿಯನ್ನು ತಂದು ಆಕೆಯ ತಂದೆಗೇ ತೋರಿಸಿ, ಎಷ್ಟು ಚೆನ್ನಾಗಿದೆ ಎಂದು ಹೊಗಳುತ್ತಾರೆ. ತಂದೆ ಮುಗುಳ್ನಗುತ್ತಾರೆ. ತನ್ನ ಮಗಳೇ ಬರೆದದ್ದು ಎಂದು ಹೇಳಿಕೊಳ್ಳುವ ಸ್ಥಿತಿಯಲ್ಲಿ ಅವರಿಲ್ಲ. ಮಗಳ ಬಗ್ಗೆ ಹೆಮ್ಮೆ ಪಡಲೂ ಆಗದ ಊರು ಹೇಗಿರುತ್ತದೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇದು ನಿಜವಾಗಿ ಮಗುವಿನ ಬರಹವೇ ಎಂಬ ಪ್ರಶ್ನೆಯೂ ಎದ್ದಿದೆ. ಬಿಬಿಸಿ ವರದಿಗಾರರು ಫೋನಿನಲ್ಲಿ ಮಾತನಾಡಿಸಿ ಬರೆದುಕೊಳ್ಳುತ್ತಿದ್ದುದನ್ನು, ಇಬ್ಬರ ಮಾತೃಭಾಷೆಯೂ ಪಶ್ತೋ ಆಗಿದ್ದರೂ ಉರ್ದುವಿನಲ್ಲೇ ಮಾತನಾಡುತ್ತಿದ್ದುದನ್ನು ಮಲಾಲಾ 2013ರಲ್ಲಿ ಕ್ರಿಸ್ಟಿನಾ ಲ್ಯಾಂಬ್ ಜೊತೆಗೂಡಿ ಬರೆದ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ದೊಡ್ಡವರ ಕೈ ಇದರಲ್ಲಿತ್ತು, ನಿಜ. ಆದರೆ ಗುಲಾಬಿ ಬಟ್ಟೆಯ ಸಂಕಟವನ್ನು ಯಾವ ವರದಿಗಾರನೂ ಹೇಳಿಕೊಡಲಾರ. ಆತ್ಮಕಥೆಯು ಹೊರಗಿನ ಓದುಗರಿಗೆ ಇತಿಹಾಸವನ್ನು ವಿವರಿಸುತ್ತದೆ. ದಿನಚರಿ ಏನನ್ನೂ ವಿವರಿಸುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಸಾಹಿತ್ಯವಾಗಿ ದಿನಚರಿಯೇ ಮೇಲು.

ಮಿತಿಯೂ ಇದೆ. ಆಕೆ ಶಾಲೆ ನಡೆಸುವವರ ಮಗಳು. ಶಾಲೆಯ ಮೆಟ್ಟಿಲನ್ನೇ ಹತ್ತದ ಬಡಮನೆಯ ಹುಡುಗಿಗೆ ಆ ಚಳಿಗಾಲ ಹೇಗಿತ್ತೆಂಬುದು ಇಲ್ಲಿ ತಿಳಿಯುವುದಿಲ್ಲ.

2012ರ ಅಕ್ಟೋಬರ್ 9ರಂದು ಆಕೆಗೆ ಗುಂಡು ಹೊಡೆದರು. 2014ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಆನಂತರ ದಿನಚರಿಯನ್ನು ಓದುವವರು ಕಡಿಮೆಯಾಗಿ, ಆಕೆಯ ಬಗ್ಗೆ ತೀರ್ಪು ಕೊಡುವವರು ಹೆಚ್ಚಾದರು. ಒಂದು ಗುಂಪಿಗೆ ಆಕೆ ಇಡೀ ಮುಸ್ಲಿಂ ಸಮಾಜದ ವಿರುದ್ಧ ಸಿಕ್ಕ ಸಾಕ್ಷಿ. ಇನ್ನೊಂದು ಗುಂಪಿಗೆ ಪಾಶ್ಚಾತ್ಯರ ಕೈಗೊಂಬೆ. ಎರಡಕ್ಕೂ ದಿನಚರಿಯಲ್ಲೇ ಉತ್ತರವಿದೆ. ಶಾಲೆ ನಡೆಯಬೇಕೆಂದು ಹಂಬಲಿಸುವ ತಂದೆ, ಬೆಳಗ್ಗೆ ತಿಂಡಿ ಮಾಡಿಕೊಟ್ಟು ಕಳುಹಿಸುವ ತಾಯಿ, ಪಾಠ ಹೇಳುವ ಶಿಕ್ಷಕಿಯರು, ಅಂಗಳದಲ್ಲಿ ಆಡುವ ಗೆಳತಿಯರು, ಎಲ್ಲರೂ ಮುಸ್ಲಿಮರೇ. ಆಕೆಯ ದುಃಸ್ವಪ್ನದಲ್ಲಿ ತಾಲಿಬಾನಿಗಳ ಜೊತೆ ಸೇನೆಯ ಹೆಲಿಕಾಪ್ಟರ್‌ಗಳೂ ಇವೆ.

ಮಕ್ಕಳಿಗೆ ಇಂತಹ ಪಟ್ಟ ಕಟ್ಟುವ ಚಾಳಿ ಹೊಸದಲ್ಲ. ಮುತ್ತಿಗೆಗೆ ಒಳಗಾದ ಸರಾಯೆವೊದಲ್ಲಿ ದಿನಚರಿ ಬರೆದ ಝ್ಲಾಟಾ ಫಿಲಿಪೊವಿಚ್‌ಳನ್ನು 1993ರಲ್ಲಿ ಆನ್ ಫ್ರ್ಯಾಂಕ್‌ಗೆ ಹೋಲಿಸಿದರು. ಆ ಹೋಲಿಕೆಯಿಂದಲೇ ತನಗೆ ಭಯವಾಗುತ್ತದೆ ಎಂದು ಆಕೆ ಬರೆದಳು. ಆನ್ ಬದುಕಿ ಉಳಿಯಲಿಲ್ಲವೆಂಬುದು ಹೊಗಳಿದವರಿಗೆ ಮರೆತುಹೋಗಿತ್ತು, ಮಗುವಿಗೆ ಮರೆತಿರಲಿಲ್ಲ.

ನಮ್ಮ ನಾಡಿನಲ್ಲೂ ಇದನ್ನು ನೋಡಿದ್ದೇವೆ. 2022ರ ಫೆಬ್ರವರಿಯಲ್ಲಿ ಕಾಲೇಜುಗಳ ಗೇಟಿನ ಮುಂದೆ ತಡೆಯಲ್ಪಟ್ಟ ಹೆಣ್ಣುಮಕ್ಕಳ ಮುಖಕ್ಕೆ ಮೈಕುಗಳು ಚಾಚಿದವು. ಹಿಜಾಬ್ ಪರವೋ ವಿರೋಧವೋ, ಕಾನೂನು ಏನು ಹೇಳುತ್ತದೆ ಎಂದೆಲ್ಲ ಕೇಳಲಾಯಿತು. ನಿನ್ನ ಲ್ಯಾಬ್ ರೆಕಾರ್ಡ್ ಏನಾಯಿತು, ಪಕ್ಕದ ಬೆಂಚಿನ ಗೆಳತಿ ಇಂದು ಮಾತನಾಡಿಸಿದಳೇ ಎಂದು ಕೇಳಿದವರು ಎಷ್ಟು ಮಂದಿ? ಅದೇ ಬೆಂಚಿನಲ್ಲಿದ್ದ ಹಿಂದೂ ಹುಡುಗಿಗೆ ಮನಸ್ಸಿನಲ್ಲಿ ಏನಾಯಿತೆಂಬುದೂ ದಾಖಲಾಗಬೇಕಾದ ಸಂಗತಿಯೇ ಆಗಿತ್ತು.

ಅವರಲ್ಲಿ ಯಾರಾದರೂ ಆ ದಿನಗಳ ಬಗ್ಗೆ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದಿಟ್ಟಿರಲಿಕ್ಕೂ ಸಾಕು. ಅಂತಹ ಬರಹ ಕೈಗೆ ಬಂದರೆ ಶಿಕ್ಷಕರಾಗಲಿ, ಪಾಲಕರಾಗಲಿ, ಸಂಪಾದಕರಾಗಲಿ ಅದಕ್ಕೊಂದು ನೀತಿವಾಕ್ಯ ಸೇರಿಸಲು ಹೋಗಬಾರದು. ಕಾಗುಣಿತ ತಿದ್ದಿದರೆ ಸಾಕು. ಬಟ್ಟೆಯ ಬಣ್ಣವನ್ನು, ಗೆಳತಿಯ ಮೌನವನ್ನು ಅವರು ಬರೆದಂತೆಯೇ ಬಿಡೋಣ.