ಮಾತಿಲ್ಲದ ಯಕ್ಷಗಾನ

ಶಿವರಾಮ ಕಾರಂತರು ಮಾತನ್ನು ಕಳೆದು, ಹಾಡು-ಕುಣಿತಗಳ ಯಕ್ಷಗಾನ ಬ್ಯಾಲೆಯನ್ನು ಕಟ್ಟಿ ವಿದೇಶಗಳಿಗೂ ಒಯ್ದರು. ಕನ್ನಡವರಿಯದವನೂ ಸವಿಯಬಲ್ಲ ರೂಪವದು. ಅದರ ಹಿರಿಮೆ ಸಣ್ಣದಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರಸಿಕನು ವೇಷವೇ ಇಲ್ಲದ ತಾಳಮದ್ದಳೆಗೂ ನಿದ್ದೆಗೆಟ್ಟು ಕೂರುವವನು. ಅವನಿಗೆ ಬೇಕಾದದ್ದು ಅರ್ಥಗಾರಿಕೆ. ಆಟದಲ್ಲಿ ರಾಜನು ಗ್ರಾಂಥಿಕದಲ್ಲಿ ಗುಡುಗಿದರೆ, ದೂತನಾಗಿ ಬಂದ ಹಾಸ್ಯಗಾರ ಆಡುಮಾತಿನಲ್ಲಿ ಕೊಕ್ಕೆ ಹಾಕುತ್ತಾನೆ. ನಗು ಹುಟ್ಟುವುದು ಆ ಎರಡು ಕನ್ನಡಗಳ ಸಂದಿನಲ್ಲಿ. ಅಮೆರಿಕದ ಮಾರ್ತಾ ಆಶ್ಟನ್ ಉಡುಪಿಯಲ್ಲಿ ಕುಣಿತವನ್ನೇ ಕಲಿತು, ಬ್ರೂಸ್ ಕ್ರಿಸ್ಟಿಯವರೊಡನೆ 1977ರಲ್ಲಿ ಗ್ರಂಥವನ್ನೇ ಹೊರತಂದರು. ಅಷ್ಟು ಶ್ರಮಪಡಬಲ್ಲ ಅತಿಥಿಗಳಿಗೆ ಕಿರೀಟವನ್ನಷ್ಟೇ ತೋರಿಸಿ ಕಳಿಸುವುದು (ಜಿಪುಣತನವೆನ್ನೋಣವೇ?) ನಮಗೆ ಒಪ್ಪುವಂಥದಲ್ಲ. ಆಶುಮಾತಿಗೆ ಅಚ್ಚಿನ ಅನುವಾದ ಸಲ್ಲದು, ನಿಜ. ಪಕ್ಕದಲ್ಲಿ ಕೂತು ಅರ್ಥ ಹೇಳುವ ಬಲ್ಲವನೊಬ್ಬ ಸಾಕು. ಅರ್ಧ ನಗು ದಾರಿಯಲ್ಲಿ ಸೋರಿದರೂ ಚಿಂತೆಯಿಲ್ಲ.