ಸುತ್ತುದಾರಿಯಲ್ಲಿ ಬಂದ ಹಾಡು

ಯುರೋಪಿನಲ್ಲಿ 2008ರ ಅಕ್ಟೋಬರಿನಲ್ಲೇ ಶುರುವಾದ ಸ್ಪಾಟಿಫೈ ಭಾರತಕ್ಕೆ ಕಾಲಿಟ್ಟಿದ್ದು 2019ರ ಫೆಬ್ರವರಿ ಕೊನೆಗೆ. ಅಲ್ಲಿಯವರೆಗೆ ಇಲ್ಲಿನ ಸಂಗೀತಪ್ರಿಯರು ಸುಮ್ಮನೆ ಕಾದು ಕೂರಲಿಲ್ಲ. ವಿಪಿಎನ್ ಹಾಕಿಕೊಂಡು, ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವವರಂತೆ ಖಾತೆ ತೆರೆದರು. ಉಚಿತ ಖಾತೆ ತವರು ದೇಶದ ಹೊರಗೆ 14 ದಿನವಷ್ಟೇ ನಡೆಯುತ್ತಿತ್ತು. ಗಡುವು ಮುಗಿದಾಗ ಮತ್ತೆ ವಿಪಿಎನ್ ಆನ್ ಮಾಡಿ, ಲಾಗಿನ್ ಆಗಿ, ಆಫ್ ಮಾಡಿದರೆ ಇನ್ನೆರಡು ವಾರ ನಿಶ್ಚಿಂತೆ.

ಕಂಪನಿಯ ನಿಯಮಕ್ಕೆ ಇದು ವಿರುದ್ಧ, ನಿಜ. ಆದರೂ ಇದನ್ನು ಕಳ್ಳತನದ ಸಾಲಿಗೆ ಸೇರಿಸುವುದು ಅನ್ಯಾಯ. ಪೈರಸಿ ಫೈಲು ಇಳಿಸಿಕೊಂಡವರಿಂದ ಕಲಾವಿದರಿಗೆ ಬಿಡಿಗಾಸೂ ಸಿಗುವುದಿಲ್ಲ; ಇಲ್ಲಿ ಜಾಹೀರಾತಿನ ಹಣವಾದರೂ ಸಂದಾಯವಾಗುತ್ತಿತ್ತು.

ಬೇಲಿ ಹಾಕಿದ್ದು ತಂತ್ರಜ್ಞಾನವಲ್ಲ, ಕರಾರು. ಹಾಡಿನ ಸಾಹಿತ್ಯ ಮತ್ತು ರಾಗಸಂಯೋಜನೆಗೆ ಒಂದು ಹಕ್ಕು, ಧ್ವನಿಮುದ್ರಣಕ್ಕೆ ಇನ್ನೊಂದು. ಎರಡಕ್ಕೂ ದೇಶವಾರು ಪರವಾನಗಿ ಪಡೆಯಬೇಕು. ಅಮೆರಿಕದ ಪಂಡೋರಾ 2007ರಲ್ಲಿ ಹೊರದೇಶದ ಬಹುಪಾಲು ಕೇಳುಗರಿಗೆ ಬಾಗಿಲು ಮುಚ್ಚಿದ್ದೂ ಪರವಾನಗಿ ಸಿಗದೆ. ಸ್ಪಾಟಿಫೈ ಭಾರತಕ್ಕೆ ಬಂದಾಗಲೂ ವಾರ್ನರ್ ಮ್ಯೂಸಿಕ್‌ನ ಧ್ವನಿಮುದ್ರಣಗಳು ಅದರಲ್ಲಿರಲಿಲ್ಲ. ವ್ಯಾಜ್ಯ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿ, 2020ರಲ್ಲಿ ರಾಜಿಯಾಯಿತು.

ಒಪ್ಪಲಾಗದ್ದು ಇನ್ನೊಂದು ಬಗೆಯ ಸುತ್ತುದಾರಿ. 2019ರಲ್ಲಿ ತಿಂಗಳ ಚಂದಾ ಭಾರತದಲ್ಲಿ 119 ರೂಪಾಯಿ, ಅಮೆರಿಕದಲ್ಲಿ 9.99 ಡಾಲರ್, ಅಂದರೆ ಸುಮಾರು 700 ರೂಪಾಯಿ. ಅಮೆರಿಕದಲ್ಲಿ ದುಡಿಯುವವರು ಭಾರತದ ವಿಳಾಸ ಕೊಟ್ಟು ಚಂದಾ ಕಟ್ಟಿದರೆ ಉಳಿಯುವ ಹಣ ಯಾರದು? ಸ್ಪಾಟಿಫೈ ಸಂಭಾವನೆಯನ್ನು ದೇಶವಾರು ಆದಾಯದ ಮೇಲೆ ಲೆಕ್ಕ ಹಾಕುತ್ತದೆ. ಹಾಗಾಗಿ ಕೇಳುಗರು ಉಳಿಸಿದ್ದರಲ್ಲಿ ಹಾಡುಗಾರರ ಪಾಲೂ ಇದೆ. ಅಲ್ಲಿ ಹಾಡು ಸಿಗದ ಸಂಕಟವಿಲ್ಲ, ಅಗ್ಗದ ಆಸೆ ಮಾತ್ರ. 2024ರಲ್ಲಿ ಯೂಟ್ಯೂಬ್ ಇಂಥ ಪ್ರೀಮಿಯಂ ಚಂದಾಗಳನ್ನು ರದ್ದು ಮಾಡತೊಡಗಿದ್ದು ಸರಿಯಾಗಿಯೇ ಇದೆ.

ಆದರೆ ಹೊರದೇಶದಲ್ಲಿರುವ ಕನ್ನಡಿಗರ ಪಟ್ಟಿಯಲ್ಲಿ ಒಂದು ಹಾಡಿನ ಹೆಸರು ಬೂದುಬಣ್ಣಕ್ಕೆ ತಿರುಗಿ, ಒತ್ತಿದರೂ ನುಡಿಯದಿದ್ದರೆ ಅವರನ್ನು ದೂರುವುದು ಹೇಗೆ? ಪೂರ್ತಿ ಚಂದಾ ಕಟ್ಟಿಯೂ ಅವರು ಹಾಡಿಗಾಗಿ ಭಾರತದ ಸರ್ವರ್ ಹುಡುಕಬೇಕು. ಅದೂ ಸುಲಭವಲ್ಲ: ಬಳಕೆದಾರರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿದ ಮೇಲೆ ಹಲವು ವಿಪಿಎನ್ ಕಂಪನಿಗಳು ತಮ್ಮ ಸರ್ವರ್‌ಗಳನ್ನು ಇಲ್ಲಿಂದ ಕಿತ್ತುಕೊಂಡು ಹೋದವು. ಈ ಬೇಲಿಯನ್ನು ತುಸು ಸಡಿಲಿಸಿದ ಉದಾಹರಣೆಯೂ ಇದೆ: ಯುರೋಪಿಯನ್ ಒಕ್ಕೂಟದಲ್ಲಿ 2018ರಿಂದ ಒಂದು ದೇಶದ ಚಂದಾ ಇನ್ನೊಂದು ಸದಸ್ಯ ದೇಶಕ್ಕೆ ಹೋದಾಗಲೂ ನಡೆಯುತ್ತದೆ. ಅದೂ ತಾತ್ಕಾಲಿಕ ವಾಸಕ್ಕಷ್ಟೇ. ವಲಸೆ ಹೋಗಿ ನೆಲೆಸಿದವರಿಗೆ ಅನ್ವಯಿಸುವುದಿಲ್ಲ.